ಸ್ವಿಚ್ಚಿಗೊಂದು ಉದ್ದನೆಯ ಹಿಡಿ

ಪಿಯುಸಿ ಕೆಮಿಸ್ಟ್ರಿಯಲ್ಲಿ ಪೆನ್ಸಿಲಿನ್ ಬರುತ್ತದೆ, ವಿಟಮಿನ್ ಬಿ12 ಬರುತ್ತದೆ, ಇನ್ಸುಲಿನ್ ಬರುತ್ತದೆ. ಮೂರೂ ಒಂದೊಂದು ಅಂಕದ ಸರಕು. ಬಿ12 ಕೊರತೆಯಿಂದ ಬರುವ ಕಾಯಿಲೆ ಯಾವುದೆಂದು ಕೇಳುತ್ತಾರೆ, ಪರ್ನಿಶಿಯಸ್ ಅನೀಮಿಯಾ ಎಂದು ಬರೆಯುತ್ತೇವೆ, ಸಿಇಟಿ ಮುಗಿದ ಮೇಲೆ ಮರೆಯುತ್ತೇವೆ. ಈ ಮೂರೂ ಅಣುಗಳ ಒಳಗೆ ಯಾವ ಪರಮಾಣು ಎಲ್ಲಿ ಕೂತಿದೆ ಎಂದು ಪತ್ತೆ ಮಾಡಿದ್ದು ಒಬ್ಬ ಮಹಿಳೆ ಮತ್ತು ಅವರು ಕಟ್ಟಿದ ತಂಡ ಎಂಬುದು ನಮ್ಮ ಪುಸ್ತಕದಲ್ಲಿ ಇರಲಿಲ್ಲ. ಅವರ ಹೆಸರು ಡೊರೊಥಿ ಹಾಡ್ಜ್‌ಕಿನ್. 1964ರ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ಇಡಿಯಾಗಿ ಅವರೊಬ್ಬರಿಗೇ ಬಂತು. ಮೇರಿ ಕ್ಯೂರಿ ಮತ್ತು ಅವರ ಮಗಳು ಐರೀನ್ ನಂತರ ಆ ವಿಭಾಗದಲ್ಲಿ ಗೆದ್ದ ಮೂರನೇ ಮಹಿಳೆ. 24ನೇ ವಯಸ್ಸಿನಿಂದ ಸಾಯುವ ತನಕ, ಅಂದರೆ ಹೆಚ್ಚುಕಡಿಮೆ 60 ವರ್ಷ, ಅವರು ರುಮಟಾಯ್ಡ್ ಆರ್ಥ್ರೈಟಿಸ್ ಜತೆ ಬದುಕಿದರು.

ನಾನು ಮೆಕ್ಯಾನಿಕಲ್ ಬಿಇ ಮೂರನೇ ವರ್ಷದ ವಿದ್ಯಾರ್ಥಿನಿ. ನನಗೂ ಇದೇ ಕಾಯಿಲೆ ಇದೆಯೆಂದು ಎರಡನೇ ಸೆಮಿಸ್ಟರ್‌ನಲ್ಲಿ ಗೊತ್ತಾಯಿತು. ಡೊರೊಥಿ ಬಗ್ಗೆ ಓದಲು ಶುರು ಮಾಡಿದ್ದು ಆ ಕಾರಣಕ್ಕೇ, ಅದನ್ನು ಮುಚ್ಚಿಡುವುದೇಕೆ? ಈ ಕಾಯಿಲೆಯ ಹೆಸರು ಹಾಕಿ ಮೊಬೈಲಿನಲ್ಲಿ ಹುಡುಕಿದರೆ ಮೊದಲು ಬರುವುದು ಸೊಟ್ಟಗಾದ ಬೆರಳುಗಳ ಫೋಟೊಗಳು. ರಾತ್ರಿ ಹನ್ನೊಂದು ಗಂಟೆಗೆ ಹಾಸ್ಟೆಲ್ಲಿನಲ್ಲಿ ಒಬ್ಬಳೇ ಕೂತು ನೋಡುವಂಥವಲ್ಲ ಅವು. ಅಂಥ ಬೆರಳುಗಳನ್ನು ಇಟ್ಟುಕೊಂಡು ದೊಡ್ಡ ಕೆಲಸ ಮಾಡಿದವರು ಒಬ್ಬರಾದರೂ ಇರಬೇಕಲ್ಲ ಎಂದು ಹುಡುಕುತ್ತ ಹೋದಾಗ ಸಿಕ್ಕವರು ಇವರು.

ಡೊರೊಥಿ ಹುಟ್ಟಿದ್ದು 1910ರ ಮೇ 12ರಂದು, ಈಜಿಪ್ಟಿನ ಕೈರೋದಲ್ಲಿ. ತಂದೆ ಜಾನ್ ಕ್ರೋಫುಟ್ ಬ್ರಿಟಿಷ್ ಆಡಳಿತದ ಶಿಕ್ಷಣ ಇಲಾಖೆಯಲ್ಲಿದ್ದರು, ಮುಂದೆ ಪುರಾತತ್ವಕ್ಕೆ ಹೊರಳಿದರು. ತಾಯಿ ಗಿಡಗಳನ್ನೂ ಹಳೆಯ ಕಾಲದ ಬಟ್ಟೆಗಳನ್ನೂ ಚೆನ್ನಾಗಿ ಬಲ್ಲವರು. ಮೊದಲ ಮಹಾಯುದ್ಧ ಶುರುವಾದಾಗ ಮಕ್ಕಳನ್ನು ಇಂಗ್ಲೆಂಡಿನಲ್ಲಿ ಅಜ್ಜ ಅಜ್ಜಿಯ ಹತ್ತಿರ ಬಿಟ್ಟು ತಂದೆ ತಾಯಿ ವಾಪಸು ಹೋದರು. ಹತ್ತನೇ ವಯಸ್ಸಿನಲ್ಲಿ ಶಾಲೆಯೊಂದರಲ್ಲಿ ಪಟಿಕ ಮತ್ತು ಮೈಲುತುತ್ತದ ಹರಳು ಬೆಳೆಸುವುದನ್ನು ಕಲಿತಳು ಹುಡುಗಿ. ಅಲ್ಲಿಂದ ಹರಳಿನ ಹುಚ್ಚು ಹಿಡಿಯಿತು. ಬೆಕಲ್ಸ್ ಎಂಬ ಊರಿನ ಹೈಸ್ಕೂಲಿನಲ್ಲಿ ರಸಾಯನ ವಿಜ್ಞಾನ ಗಂಡುಮಕ್ಕಳಿಗೆ ಮಾತ್ರ. ಡೊರೊಥಿಗೂ ಇನ್ನೊಬ್ಬ ಗೆಳತಿಗೂ ಮಾತ್ರ ಆ ತರಗತಿಯಲ್ಲಿ ಕೂರಲು ಅನುಮತಿ ಸಿಕ್ಕಿತು. ಅರವತ್ತು ಹುಡುಗರ ಮೆಕ್ಯಾನಿಕಲ್ ಕ್ಲಾಸಿನಲ್ಲಿ ನಾವು ನಾಲ್ಕು ಜನ ಹುಡುಗಿಯರಿದ್ದೇವೆ. ಈ ಭಾಗ ಓದುವಾಗ ನಕ್ಕೆ.

1928ರಲ್ಲಿ ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜು, 1932ರಲ್ಲಿ ಮೊದಲ ದರ್ಜೆ, ಆಮೇಲೆ ಕೇಂಬ್ರಿಜ್‌ನಲ್ಲಿ ಜೆ.ಡಿ. ಬರ್ನಾಲ್ ಎಂಬ ವಿಜ್ಞಾನಿಯ ಪ್ರಯೋಗಾಲಯ. ಅಲ್ಲಿ ನಡೆಯುತ್ತಿದ್ದುದು ಎಕ್ಸ್-ರೇ ಸ್ಫಟಿಕ ವಿಜ್ಞಾನ. ಒಂದು ಹರಳಿನ ಮೇಲೆ ಎಕ್ಸ್-ರೇ ಬಿಟ್ಟರೆ ಅದು ಒಳಗಿನ ಪರಮಾಣುಗಳಿಗೆ ತಾಗಿ ಚದುರಿ, ಆಚೆ ಇಟ್ಟ ಫಿಲ್ಮಿನ ಮೇಲೆ ಚುಕ್ಕಿಗಳಾಗಿ ಬೀಳುತ್ತದೆ. ಚುಕ್ಕಿ ಎಲ್ಲಿದೆ, ಎಷ್ಟು ಗಾಢವಾಗಿದೆ ಎಂದು ಅಳೆದು, ಲೆಕ್ಕ ಹಾಕಿ, ಒಳಗಿನ ಪರಮಾಣುಗಳ ಜೋಡಣೆಯನ್ನು ಹೇಳಬೇಕು. ಆದರೆ ಲೆಕ್ಕಕ್ಕೆ ಬೇಕಾದ ಅರ್ಧ ಮಾಹಿತಿ ಫಿಲ್ಮಿನಲ್ಲಿ ದಾಖಲಾಗುವುದೇ ಇಲ್ಲ. ರಂಗೋಲಿಯ ಚುಕ್ಕಿಗಳನ್ನಷ್ಟೇ ಕೊಟ್ಟು, ನೆರೆಮನೆಯವರು ಇವತ್ತು ಯಾವ ಗೆರೆ ಎಳೆದಿದ್ದರು ಹೇಳಿ ಎಂದರೆ ಹೇಗೋ ಹಾಗೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದಕ್ಕೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೂಡುವ ಕಳೆಯುವ ಕೆಲಸ.

1934ರಲ್ಲಿ ಬರ್ನಾಲ್ ಅವರ ಕೈಗೆ ಪೆಪ್ಸಿನ್ ಎಂಬ ಪ್ರೋಟೀನಿನ ಹರಳುಗಳು ಬಂದವು. ಅಲ್ಲಿಯವರೆಗೆ ಪ್ರೋಟೀನ್ ಹರಳುಗಳಿಂದ ಯಾರಿಗೂ ಸರಿಯಾದ ಚಿತ್ರ ಸಿಕ್ಕಿರಲಿಲ್ಲ, ಏಕೆಂದರೆ ಒಣಗಿದ ತಕ್ಷಣ ಅವು ಕೆಡುತ್ತವೆ. ಬರ್ನಾಲ್ ಹರಳನ್ನು ಅದರದೇ ದ್ರಾವಣದಲ್ಲಿ ಒದ್ದೆಯಾಗಿಟ್ಟು ಎಕ್ಸ್-ರೇ ಹಾಯಿಸಿದರು. ಫಿಲ್ಮಿನ ತುಂಬ ಚುಕ್ಕಿಗಳು. ಪ್ರೋಟೀನಿಗೂ ಒಂದು ಖಚಿತ ಆಕಾರವಿದೆ ಎಂದು ಜಗತ್ತಿಗೆ ತಿಳಿಸಿದ ಮೊದಲ ಚಿತ್ರ ಅದು. ಆ ಚಿತ್ರ ಮೂಡಿದ ದಿನ ಡೊರೊಥಿ ಅಲ್ಲಿರಲಿಲ್ಲ. ಕೈಗಳಲ್ಲಿ ಸಣ್ಣಗೆ ನೋವು ಶುರುವಾಗಿತ್ತು. ತಂದೆ ತಾಯಿ ಆಕೆಯನ್ನು ಲಂಡನ್ನಿನ ತಜ್ಞ ವೈದ್ಯರ ಬಳಿ ಕರೆದುಕೊಂಡು ಹೋಗಿದ್ದರು. ವೈದ್ಯರು ರುಮಟಾಯ್ಡ್ ಆರ್ಥ್ರೈಟಿಸ್ ಎಂದರು. ವಾಪಸು ಬಂದು ಆ ಹರಳುಗಳ ಮುಂದಿನ ಕೆಲಸದಲ್ಲಿ ಸೇರಿಕೊಂಡರು, ಬರ್ನಾಲ್ ಜತೆ ಅವರ ಹೆಸರಿನಲ್ಲೇ ಪ್ರಬಂಧ ಅಚ್ಚಾಯಿತು.

ಇಲ್ಲಿ ಸ್ವಲ್ಪ ನಿಂತು ಈ ಕಾಯಿಲೆ ಏನು ಎಂದು ಹೇಳಬೇಕು. ನಮ್ಮಲ್ಲಿ ಕೀಲು ನೋವು ಎಂದರೆ ಎಲ್ಲವೂ ಒಂದೇ. ಅಜ್ಜಿಯ ಮಂಡಿ ನೋವೂ ಸಂಧಿವಾತ, ನನ್ನದೂ ಸಂಧಿವಾತ. ಅಜ್ಜಿಯದು ಬಹುಮಟ್ಟಿಗೆ ಸವೆತ. ಗಾಡಿಯ ಬೇರಿಂಗ್ ವರ್ಷಗಳಿಂದ ತಿರುಗಿ ಸವೆದ ಹಾಗೆ. ನನ್ನದು ಬೇರೆ. ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ಹೊರಗಿನಿಂದ ಬರುವ ರೋಗಾಣುಗಳನ್ನು ಹೊಡೆಯಬೇಕು. ಆಟೋಇಮ್ಯೂನ್ ಕಾಯಿಲೆಗಳಲ್ಲಿ ಅದು ತಿರುಗಿ ನಮ್ಮದೇ ಅಂಗಗಳನ್ನು ಹೊಡೆಯುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಈ ಕಾಯಿಲೆಯಲ್ಲಿ ಪೆಟ್ಟು ಬೀಳುವುದು ಕೀಲಿನ ಒಳಪದರಕ್ಕೆ. ಅದು ಊದಿಕೊಂಡು, ದಪ್ಪವಾಗಿ, ನಿಧಾನಕ್ಕೆ ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ. ಸಾಮಾನ್ಯವಾಗಿ ಎರಡೂ ಕೈಗಳ ಬೆರಳು, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಜೋಡಿಯಾಗಿಯೇ ಹಿಡಿದುಕೊಳ್ಳುತ್ತವೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬಾರದ ಬಿಗಿತ ಗಂಟೆಗಟ್ಟಲೆ ಇರುತ್ತದೆ. ಜ್ವರ ಬರುವ ಮುಂಚಿನಂಥ ಸುಸ್ತು ಇರುತ್ತದೆ, ಅದು ಯಾರಿಗೂ ಕಾಣುವುದಿಲ್ಲ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಇದು ಮುದುಕರ ಕಾಯಿಲೆ ಅಲ್ಲ, ಯಾವ ವಯಸ್ಸಿನಲ್ಲೂ ಬರಬಹುದು.

ನಮ್ಮೂರಿನಲ್ಲಿ ಇದಕ್ಕೆ ಸಿಗುವ ಸಲಹೆಗಳದೇ ಒಂದು ಪುಸ್ತಕವಾಗುತ್ತದೆ. ಬದನೆಕಾಯಿ ಬಿಡು, ಆಲೂಗಡ್ಡೆ ವಾಯು, ತಣ್ಣೀರು ಮುಟ್ಟಬೇಡ, ಇಂಥ ಊರಲ್ಲಿ ಎಣ್ಣೆ ಕೊಡುತ್ತಾರೆ, ಮೂರು ಅಮಾವಾಸ್ಯೆ ಹೋಗಿ ಬಂದರೆ ಸಾಕು. ಅಜ್ಜಿ ಪ್ರೀತಿಯಿಂದ ಹೇಳುತ್ತಾರೆ, ನಾನೂ ಪ್ರೀತಿಯಿಂದ ಎಣ್ಣೆ ಹಚ್ಚಿಸಿಕೊಳ್ಳುತ್ತೇನೆ. ಆದರೆ ಮಾತ್ರೆ ಬಿಡುವುದಿಲ್ಲ. ಅಮ್ಮನ ಸಲಹೆ ಒಂದೇ: ಯಾರಿಗೂ ಹೇಳಬೇಡ. ಅಮ್ಮನ ಲೆಕ್ಕ ಮುಂದೆ ಬರುವ ಗಂಡಿನ ಕಡೆಯವರವರೆಗೂ ಹೋಗುತ್ತದೆ.

ಡೊರೊಥಿ 1934ರ ಕೊನೆಯ ಹೊತ್ತಿಗೆ ಆಕ್ಸ್‌ಫರ್ಡಿಗೆ ಮರಳಿದರು. ಅವರಿಗೆ ಸಿಕ್ಕ ಜಾಗ ಅಲ್ಲಿನ ವಸ್ತುಸಂಗ್ರಹಾಲಯದ ಮೂಲೆಯ ಒಂದು ಕೋಣೆ. ಚರ್ಚಿನಲ್ಲಿರುವಂಥ ಕಿಟಕಿ ಎಲ್ಲೋ ಎತ್ತರದಲ್ಲಿ. ಬೆಳಕು ಬೇಕೆಂದರೆ ಏಣಿ ಹತ್ತಿ ಅಟ್ಟಕ್ಕೆ ಹೋಗಬೇಕು. ಸೂಕ್ಷ್ಮದರ್ಶಕ ಅಲ್ಲಿ. ಕಣ್ಣಿಗೆ ಕಾಣಿಸಿಯೂ ಕಾಣಿಸದಷ್ಟು ಸಣ್ಣ ಹರಳನ್ನು ಮೇಲೆ ಕೂರಿಸಿಕೊಂಡು, ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದರಲ್ಲಿ ಏಣಿ ಹಿಡಿದು ಇಳಿಯುತ್ತಿದ್ದರು. ಕೀಲು ಬೇನೆ ಇದ್ದವರಿಗೆ ಇದಕ್ಕಿಂತ ಕೆಟ್ಟ ಲ್ಯಾಬ್ ವಿನ್ಯಾಸ ಇನ್ನೊಂದಿರಲಾರದು. ಅದೇ ಲ್ಯಾಬಿನಲ್ಲಿ, 25 ತುಂಬುವ ಮೊದಲೇ, ಇನ್ಸುಲಿನ್ ಹರಳಿನ ಮೊದಲ ಎಕ್ಸ್-ರೇ ಚಿತ್ರ ತೆಗೆದರು. ಅದರ ಒಳಗಿನ ಜೋಡಣೆ ಬಿಡಿಸಲು ಮುಂದೆ ಎಷ್ಟು ವರ್ಷ ಹಿಡಿಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

1937ರಲ್ಲಿ ಥಾಮಸ್ ಹಾಡ್ಜ್‌ಕಿನ್ ಅವರೊಂದಿಗೆ ಮದುವೆ. 1938ರ ಕೊನೆಯಲ್ಲಿ ಮೊದಲ ಮಗು. ಈ ಕಾಯಿಲೆಗೆ ಒಂದು ವಿಚಿತ್ರ ಗುಣವಿದೆ: ಎಷ್ಟೋ ಹೆಂಗಸರಲ್ಲಿ ಗರ್ಭಿಣಿಯಾಗಿದ್ದಾಗ ಅದು ತಣ್ಣಗಾಗಿ, ಹೆರಿಗೆಯ ನಂತರ ಮತ್ತೆ ಎದ್ದು ಬರುತ್ತದೆ. ಡೊರೊಥಿಗೂ ಹೆರಿಗೆಯ ನಂತರ ಸೋಂಕಾಗಿ, ಅದರ ಹಿಂದೆಯೇ ಕೀಲುಗಳೆಲ್ಲ ಉರಿದೆದ್ದವು. ಬಕ್ಸ್‌ಟನ್ ಎಂಬ ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ ವಾರಗಟ್ಟಲೆ ಚಿಕಿತ್ಸೆ ಪಡೆದರು. ಬಿಸಿನೀರಿನ ಸ್ನಾನ ಮತ್ತು ಚಿನ್ನ. ಹೌದು, ಚಿನ್ನವೇ. ಚಿನ್ನದ ಲವಣಗಳ ಚಿಕಿತ್ಸೆ ಆಗಿನ ಕಾಲಕ್ಕೆ ಈ ಕಾಯಿಲೆಗೆ ಇದ್ದ ದೊಡ್ಡ ಔಷಧ. ಸ್ವಲ್ಪ ಗುಣ, ಸಾಕಷ್ಟು ಅಡ್ಡಪರಿಣಾಮ. ನೋವು ಇಳಿಯಿತು, ಆದರೆ ಕೀಲುಗಳಿಗೆ ಆದ ಹಾನಿ ಹಾಗೇ ಉಳಿಯಿತು. ವಯಸ್ಸು ಇನ್ನೂ 28.

ಲ್ಯಾಬಿಗೆ ಮರಳಿದಾಗ ಎಕ್ಸ್-ರೇ ಯಂತ್ರದ ಮುಖ್ಯ ಸ್ವಿಚ್ ಹಾಕಲು ಅವರ ಕೈಗೆ ಆಗಲಿಲ್ಲ. ಅಷ್ಟು ಬಿಗಿ ಅದು. ಆಗ ಅವರು ಮಾಡಿದ್ದು ಇಷ್ಟೇ: ಆ ಸ್ವಿಚ್ಚಿಗೆ ಉದ್ದನೆಯ ಒಂದು ಲಿವರ್ ಮಾಡಿಸಿ ಜೋಡಿಸಿದರು. ಕೆಲಸ ಮುಂದುವರಿಯಿತು.

ಅವರ ಬದುಕಿನ ಬಗ್ಗೆ ಓದಿದ್ದರಲ್ಲಿ ನೊಬೆಲ್‌ಗಿಂತ ಹೆಚ್ಚಾಗಿ ನನ್ನ ತಲೆಯಲ್ಲಿ ಉಳಿದದ್ದು ಈ ಒಂದು ಸಂಗತಿ. ಕಾಯಿಲೆ ಇದ್ದವರ ಸಾಧನೆಯನ್ನು ಹೇಳುವಾಗ ನಮ್ಮವರು ತಕ್ಷಣ ಛಲ, ಮನೋಬಲ, ಉಕ್ಕಿನ ಮಹಿಳೆ ಎಂದೆಲ್ಲ ಬರೆಯುತ್ತಾರೆ. ಊದಿದ ಬೆರಳಿಗೆ ಮನೋಬಲ ಹಚ್ಚಿದರೆ ಸ್ವಿಚ್ ತಿರುಗುವುದಿಲ್ಲ. ತಿರುಗಿಸುವ ಶಕ್ತಿ ಎಂದರೆ ಬಲ ಗುಣಿಸು ದೂರ. ಮೊದಲ ಸೆಮಿಸ್ಟರ್‌ನ ಪಾಠ. ಹಿಡಿ ಮೂರು ಪಟ್ಟು ಉದ್ದವಾದರೆ ಮೂರನೇ ಒಂದು ಪಾಲು ಬಲ ಸಾಕು. ಡೊರೊಥಿ ತಮ್ಮ ಕೈಯನ್ನು ಬೈದುಕೊಳ್ಳಲಿಲ್ಲ, ಸ್ವಿಚ್ಚನ್ನು ಬದಲಾಯಿಸಿದರು.

ಇದನ್ನು ಓದಿದ ಮಾರನೇ ವಾರ ನಾನು ವರ್ಕ್‌ಶಾಪಿನ ಇನ್‌ಸ್ಟ್ರಕ್ಟರ್ ಹತ್ತಿರ ಹೋಗಿ, ಬೆಂಚ್ ವೈಸಿನ ಹಿಡಿಗೆ ಹಾಕಲು ಒಂದು ಜಿಐ ಪೈಪ್ ತುಂಡು ಕೊಡಿ ಸರ್ ಎಂದೆ. ಅವರು ಯಾಕೆ ಎಂದು ಕೇಳಿದರು. ಹೇಳಿದೆ. ಅವರು ಸ್ಕ್ರ್ಯಾಪ್ ಮೂಲೆಯಿಂದ ಅಳತೆಗೆ ಸರಿಯಾದದ್ದನ್ನು ಹುಡುಕಿ, ತುದಿಯ ಚೂಪನ್ನು ತಾವೇ ಅರದಿಂದ ಉಜ್ಜಿ ಕೊಟ್ಟರು. ಅರದ ಹಿಡಿಗೆ ಹಳೆಯ ಸೈಕಲ್ ಟ್ಯೂಬನ್ನು ಎರಡು ಸುತ್ತು ಸುತ್ತಿಕೊಟ್ಟರು, ದಪ್ಪನೆಯ ಹಿಡಿಯಾದರೆ ಬೆರಳು ಪೂರ್ತಿ ಮಡಚಬೇಕಾಗಿಲ್ಲ ಎಂದು. ಅವರು ಡೊರೊಥಿ ಹೆಸರು ಕೇಳಿದವರಲ್ಲ. ಎಲ್ಲರೂ ಹೀಗಿರುವುದಿಲ್ಲ. ಮೂರು ಗಂಟೆ ಬರೆಯಲು ಆಗುವುದಿಲ್ಲ, ಹೆಚ್ಚುವರಿ ಸಮಯ ಸಿಗಬಹುದಾ ಎಂದು ಕೇಳಿದಾಗ ಒಬ್ಬ ಮೇಷ್ಟರು ನನ್ನ ಬೆರಳುಗಳನ್ನು ನೋಡಿ, ನೆಟ್ಟಗೇ ಇವೆಯಲ್ಲ ಎಂದರು. ನೆಟ್ಟಗಿವೆ, ಏಕೆಂದರೆ ಔಷಧಿ ಬೇಗ ಶುರುವಾಯಿತು. ಸೊಟ್ಟಗಾಗುವವರೆಗೆ ಕಾಯಿಲೆ ಇದೆಯೆಂದು ಒಪ್ಪದಿದ್ದರೆ ಏನು ಮಾಡುವುದು?

ಡೊರೊಥಿಯ ಕತೆಗೆ ಬರುತ್ತೇನೆ. ಎರಡನೇ ಮಹಾಯುದ್ಧದ ಹೊತ್ತಿಗೆ ಆಕ್ಸ್‌ಫರ್ಡಿನಲ್ಲೇ ಪೆನ್ಸಿಲಿನ್ ಅನ್ನು ಔಷಧವಾಗಿ ಬೆಳೆಸುತ್ತಿದ್ದರು. ಅದರ ರಚನೆ ಗೊತ್ತಾದರೆ ಕೃತಕವಾಗಿ ತಯಾರಿಸಬಹುದು ಎಂಬ ಆಸೆ. ಆದರೆ ರಚನೆಯ ಬಗ್ಗೆ ರಸಾಯನ ವಿಜ್ಞಾನಿಗಳಲ್ಲಿ ಎರಡು ಪಕ್ಷ. ಡೊರೊಥಿ ತಮ್ಮ ವಿದ್ಯಾರ್ಥಿನಿ ಬಾರ್ಬರಾ ಲೋ ಜತೆ ಕೂತು, ಲೆಕ್ಕಕ್ಕೆ ಪಂಚ್ ಕಾರ್ಡ್ ಯಂತ್ರಗಳನ್ನೂ ಬಳಸಿ, 1945ರಲ್ಲಿ ಉತ್ತರ ಕೊಟ್ಟರು: ನಡುವೆ ನಾಲ್ಕು ಪರಮಾಣುಗಳ ಪುಟ್ಟ ಉಂಗುರ, ಬೀಟಾ ಲ್ಯಾಕ್ಟಮ್. ಇಷ್ಟು ಬಿಗಿಯಾದ ಉಂಗುರ ನಿಲ್ಲಲು ಸಾಧ್ಯವೇ ಇಲ್ಲ ಎನ್ನುವವರಿದ್ದರು. ಜಾನ್ ಕಾರ್ನ್‌ಫೋರ್ತ್ ಎಂಬ ವಿಜ್ಞಾನಿ, ಇದೇ ನಿಜವಾದರೆ ಕೆಮಿಸ್ಟ್ರಿ ಬಿಟ್ಟು ಅಣಬೆ ಬೆಳೆಯುತ್ತೇನೆ ಎಂದಿದ್ದರಂತೆ. ಅವರು ಅಣಬೆ ಬೆಳೆಯಲಿಲ್ಲ, 1975ರಲ್ಲಿ ಅವರಿಗೂ ನೊಬೆಲ್ ಬಂತು.

ಮುಂದಿನದು ಬಿ12. 1948ರಲ್ಲಿ ಗ್ಲಾಕ್ಸೊ ಕಂಪನಿಯ ಲೆಸ್ಟರ್ ಸ್ಮಿತ್ ಅವರಿಂದ ಕಡುಗೆಂಪು ಹರಳುಗಳು ಬಂದವು. ಹೈಡ್ರೋಜನ್ ಬಿಟ್ಟರೂ 90ಕ್ಕೂ ಹೆಚ್ಚು ಪರಮಾಣುಗಳು, ನಡುವೆ ಒಂದು ಕೋಬಾಲ್ಟ್. ಅಂಥ ದೊಡ್ಡ ಅಣುವನ್ನು ಈ ವಿಧಾನದಲ್ಲಿ ಯಾರೂ ಬಿಡಿಸಿರಲಿಲ್ಲ. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಕೆನೆತ್ ಟ್ರೂಬ್ಲಡ್ ಆಗಿನ ಕಾಲದ ವೇಗದ ಕಂಪ್ಯೂಟರ್ ಒಂದರಲ್ಲಿ ಲೆಕ್ಕ ಮಾಡಿ ಕಳಿಸುತ್ತಿದ್ದರು, ಇಲ್ಲಿ ಡೊರೊಥಿ ಆ ಅಂಕಿಗಳಿಂದ ನಕ್ಷೆ ಬರೆದು ಓದುತ್ತಿದ್ದರು. ಸಾಗರದ ಆಚೆ ಈಚೆ ಅಂಚೆಯಲ್ಲಿ ನಡೆದ ಪ್ರಾಜೆಕ್ಟ್. (ನಮ್ಮ ಮಿನಿ ಪ್ರಾಜೆಕ್ಟಿನ ನಾಲ್ವರು ಒಂದೇ ಹಾಸ್ಟೆಲ್ಲಿನಲ್ಲಿದ್ದೂ ಸೇರುವುದಿಲ್ಲ.) 1953ರಲ್ಲಿ ಒಂದು ಸಮ್ಮೇಳನಕ್ಕೆ ಹೋಗಬೇಕೆಂದಾಗ ಅಮೆರಿಕ ಅವರಿಗೆ ವೀಸಾ ಕೊಡಲಿಲ್ಲ, ಅವರ ಮತ್ತು ಗಂಡನ ಎಡಪಂಥೀಯ ಒಲವು ಅದಕ್ಕೆ ಕಾರಣ. ಹೀಗೆಲ್ಲ ನಡೆದು ಎಂಟು ವರ್ಷಗಳಲ್ಲಿ ಬಿ12 ರಚನೆ ಪೂರ್ತಿಯಾಯಿತು.

ಬಿ12 ಸಿಗದಿದ್ದರೆ ಬರುವ ಪರ್ನಿಶಿಯಸ್ ಅನೀಮಿಯಾ ಹಿಂದೆಲ್ಲ ಜೀವ ತೆಗೆಯುತ್ತಿತ್ತು. ಅದು ಬರಿಯ ಊಟದ ಕೊರತೆಯಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ ಹೊಟ್ಟೆಯ ಒಳಪದರದ ಮೇಲೆ ಬಿದ್ದು, ಬಿ12 ಅನ್ನು ಹೀರಿಕೊಳ್ಳಲು ಬೇಕಾದ ವಸ್ತುವೇ ತಯಾರಾಗದಂತೆ ಮಾಡುತ್ತದೆ. ಅಂದರೆ ಅದೂ ಆಟೋಇಮ್ಯೂನ್ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಳ್ಳದೆ ಬದುಕಲಾಗದ ಟೈಪ್ 1 ಡಯಾಬಿಟಿಸ್? ಅಲ್ಲೂ ಅದೇ ವ್ಯವಸ್ಥೆ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಲ್ಲುತ್ತದೆ. ಡೊರೊಥಿ ಈ ಅಣುಗಳನ್ನು ಕೈಗೆತ್ತಿಕೊಂಡಾಗ ಇದು ಯಾರಿಗೂ ಗೊತ್ತಿರಲಿಲ್ಲ. ಸ್ವಂತ ದೇಹವೇ ಕೀಲುಗಳನ್ನು ಹೊಡೆಯುತ್ತಿದ್ದ ಒಬ್ಬರು, ಅದೇ ಬಗೆಯ ಬೇರೆ ಎರಡು ಕಾಯಿಲೆಗಳವರನ್ನು ಬದುಕಿಸುವ ಅಣುಗಳನ್ನು ಬಿಡಿಸುತ್ತ ಕೂತಿದ್ದರು, ತಮಗೇ ತಿಳಿಯದೆ. ತಮ್ಮ ಕಾಯಿಲೆಗೆ ಮಾತ್ರ ಅವರ ಹತ್ತಿರ ಹೇಳಿಕೊಳ್ಳುವಂಥ ಮದ್ದಿರಲಿಲ್ಲ. ಕೇಂಬ್ರಿಜ್‌ನಲ್ಲಿ ಪಿಎಚ್.ಡಿ.ಗಾಗಿ ಅವರು ನೋಡಿದ್ದು ಸ್ಟೆರಾಲ್‌ಗಳ ಹರಳುಗಳನ್ನು. ಅದೇ ಕುಟುಂಬದ ಕಾರ್ಟಿಸೋನ್ ಎಂಬ ಸ್ಟೆರಾಯ್ಡ್ 1948ರಲ್ಲಿ ಅಮೆರಿಕದಲ್ಲಿ ಮೊದಲ ಬಾರಿ ಈ ಕಾಯಿಲೆಯ ರೋಗಿಗೆ ಕೊಟ್ಟಾಗ ಹಾಸಿಗೆ ಹಿಡಿದವರು ಎದ್ದು ನಡೆದರು. ಎರಡೇ ವರ್ಷದಲ್ಲಿ ಅದಕ್ಕೆ ನೊಬೆಲ್ ಬಂತು. ಬಹಳ ಕಾಲ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ ಎಂಬುದು ಆಮೇಲೆ ತಿಳಿಯಿತು.

ಈಗ ಈ ಕಾಯಿಲೆಗೆ ಮೊದಲು ಕೊಡುವ ಔಷಧ ಮೆಥೊಟ್ರೆಕ್ಸೇಟ್. ಅದು ವ್ಯಾಪಕವಾಗಿ ಬಳಕೆಗೆ ಬಂದದ್ದು 1980ರ ದಶಕದಲ್ಲಿ, ಡೊರೊಥಿಗೆ ಎಪ್ಪತ್ತು ದಾಟಿದ ಮೇಲೆ. ಅವರ ಕೀಲುಗಳು ಅಷ್ಟರಲ್ಲಿ ಹಾಳಾಗಿದ್ದವು. ನನ್ನ ಡಬ್ಬಿಯಲ್ಲಿರುವುದು ಇದೇ. ವಾರಕ್ಕೆ ಒಂದೇ ದಿನ ನುಂಗಬೇಕು, ದಿನವೂ ಅಲ್ಲ. ತಪ್ಪಿ ದಿನವೂ ನುಂಗಿದರೆ ಜೀವಕ್ಕೆ ಅಪಾಯ, ಅದಕ್ಕೇ ನನ್ನ ಮಾತ್ರೆ ಪಟ್ಟಿಯ ಮೇಲೆ ಅಪ್ಪ ಕೆಂಪು ಪೆನ್ನಿನಲ್ಲಿ ಭಾನುವಾರ ಎಂದು ಬರೆದಿದ್ದಾರೆ. ಜತೆಗೆ ಫೋಲಿಕ್ ಆಸಿಡ್, ಕೆಲವು ತಿಂಗಳಿಗೊಮ್ಮೆ ಯಕೃತ್ತು ಮತ್ತು ರಕ್ತದ ಪರೀಕ್ಷೆ. ಇದಕ್ಕೂ ಬಗ್ಗದಿದ್ದರೆ ಬಯಾಲಾಜಿಕ್ಸ್ ಎಂಬ ಚುಚ್ಚುಮದ್ದುಗಳಿವೆ, ದುಬಾರಿ. ಅವೂ ಪ್ರೋಟೀನುಗಳೇ. ಪೂರ್ತಿ ವಾಸಿ ಮಾಡುವ ಮದ್ದು ಇಲ್ಲ. ಆದರೆ ಮೊದಲ ತಿಂಗಳುಗಳಲ್ಲೇ ಸರಿಯಾದ ಚಿಕಿತ್ಸೆ ಶುರುವಾದರೆ ಕೀಲು ಕೆಡುವುದನ್ನು ಬಹಳಷ್ಟು ತಡೆಯಬಹುದು. ಆರು ವಾರಕ್ಕಿಂತ ಹೆಚ್ಚು ಕಾಲ ಬೆರಳ ಕೀಲುಗಳು ಊದಿಕೊಂಡು, ಬೆಳಿಗ್ಗೆ ಬಿಗಿಯುತ್ತಿದ್ದರೆ, ಕಂಪ್ಯೂಟರ್ ಮುಂದೆ ಕೂತು ಹೀಗಾಗಿರಬೇಕು ಎಂದು ಸುಮ್ಮನಿರಬೇಡಿ. ರುಮಟಾಲಜಿ ವೈದ್ಯರು ಎಂದೇ ಬೇರೆ ಇದ್ದಾರೆ, ಅವರನ್ನು ಕಾಣಿ.

1964ರ ನೊಬೆಲ್ ಸುದ್ದಿ ಬಂದಾಗ ಡೊರೊಥಿ ಆಫ್ರಿಕಾದ ಘಾನಾದಲ್ಲಿದ್ದರು, ಗಂಡ ಅಲ್ಲಿ ಕೆಲಸ ಮಾಡುತ್ತಿದ್ದ ಕಾರಣ. ಬ್ರಿಟನ್ನಿನ ಪತ್ರಿಕೆ ಅವರನ್ನು ಗೃಹಿಣಿ, ಮೂರು ಮಕ್ಕಳ ತಾಯಿ ಎಂದು ಪರಿಚಯಿಸಿತು. ಕೋಪ ಬರುವ ಮಾತೇ. ಆದರೆ ಮನೆಯ ವಿಷಯ ಬಂದದ್ದರಿಂದ ಒಂದು ಮಾತು ಹೇಳಲೇಬೇಕು. ಅವರ ಮನೆಗೆಲಸಕ್ಕೆ, ಮಕ್ಕಳನ್ನು ನೋಡಿಕೊಳ್ಳಲು ಸಹಾಯಕ್ಕೆ ಜನರಿದ್ದರು. ಮುಂದೆ ತಂಗಿಯ ಸಂಸಾರವೂ ಅದೇ ಮನೆಯಲ್ಲಿತ್ತು, ಮನೆ ತುಂಬ ಮಕ್ಕಳು, ನೋಡಿಕೊಳ್ಳುವ ಕೈಗಳೂ ಹೆಚ್ಚು. ಕಾಯಿಲೆ ಬಂದಾಗ ಕೆಲಸದಿಂದ ತೆಗೆಯದ ಕಾಲೇಜಿತ್ತು. ಲ್ಯಾಬಿನಲ್ಲಿ ಕೆಲಸ ಹಂಚಿಕೊಳ್ಳುವ ವಿದ್ಯಾರ್ಥಿಗಳಿದ್ದರು. ಅವರಲ್ಲೊಬ್ಬಳು ಮಾರ್ಗರೆಟ್ ರಾಬರ್ಟ್ಸ್, ಮುಂದೆ ಥ್ಯಾಚರ್ ಎಂಬ ಹೆಸರಿನಲ್ಲಿ ಬ್ರಿಟನ್ನಿನ ಪ್ರಧಾನಿಯಾದಾಕೆ. ಇವೆಲ್ಲವೂ ಆ ಉದ್ದನೆಯ ಹಿಡಿಯ ಭಾಗವೇ ಎಂದು ನನಗನಿಸುತ್ತದೆ. ಇವನ್ನೆಲ್ಲ ಬಿಟ್ಟು ಒಬ್ಬಂಟಿ ವೀರಗಾಥೆ ಬರೆದರೆ, ಇಂಥದ್ದೇನೂ ಇಲ್ಲದ ನಮ್ಮೂರಿನ ಹುಡುಗಿಗೆ ನಿನಗೆ ಛಲ ಸಾಲದು ಎಂದು ಹೇಳಿದಂತಾಗುತ್ತದೆ.

ಮುಂದಿನ ಸೆಮಿಸ್ಟರ್‌ನಲ್ಲಿ ನಮಗೆ ಕ್ಯಾಂಪಸ್ ಸಂದರ್ಶನಗಳು ಶುರು. ಫಾರಂನಲ್ಲಿ ಯಾವುದಾದರೂ ಕಾಯಿಲೆ ಇದೆಯೇ ಎಂಬ ಕಾಲಂ ಇರುತ್ತದಂತೆ. ಇದೇ ಬಗೆಯ ಕಾಯಿಲೆ, ಲೂಪಸ್, ಇರುವ ಒಬ್ಬ ಸೀನಿಯರ್ ಅಕ್ಕ ಅದನ್ನು ಖಾಲಿ ಬಿಡು ಎಂದಳು. ಆಕೆ ಬರೆದಿದ್ದಳು, ಎರಡು ಸುತ್ತು ದಾಟಿದ ಮೇಲೂ ಆ ಕಂಪನಿಯಿಂದ ಕರೆ ಬರಲಿಲ್ಲ. ಕಾರಣ ಅದೇ ಎಂದು ಹೇಳಲು ಆಧಾರವಿಲ್ಲ, ಅಲ್ಲ ಎನ್ನಲೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ನನ್ನ ಕಾಯಿಲೆಯ ಹೆಸರಿಲ್ಲ. ಚಲನೆಗೆ ಎಷ್ಟು ತೊಂದರೆಯಾಗಿದೆ ಎಂದು ಅಳೆದು ಪ್ರಮಾಣಪತ್ರ ಕೊಡುತ್ತಾರೆ. ನನ್ನ ಕೈ ಸೋಮವಾರ ಒಂದು ಥರ, ಗುರುವಾರ ಇನ್ನೊಂದು ಥರ. ಯಾವ ದಿನ ಅಳೆಯುವುದು? ನಾನಂತೂ ಕಾಲಂ ತುಂಬಬೇಕೆಂದಿದ್ದೇನೆ. ಕಾಯಿಲೆಯ ಹೆಸರಿನ ಪಕ್ಕದಲ್ಲಿ ನನಗೆ ಬೇಕಾದದ್ದನ್ನೂ ಬರೆಯುತ್ತೇನೆ: ಬೆಳಿಗ್ಗೆ ಒಂದು ಗಂಟೆ ತಡವಾಗಿ ಬರಲು ಅವಕಾಶ, ಕೈಗೆ ಹೊಂದುವ ಕೀಬೋರ್ಡು ಮೌಸು, ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಅರ್ಧ ದಿನ. ಅಮ್ಮನಿಗೆ ಇದು ಒಪ್ಪಿಗೆಯಿಲ್ಲ. ಮನೆಯಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ.

ಇನ್ಸುಲಿನ್ ವಿಷಯ ಬಾಕಿ ಉಳಿಸಿದ್ದೆ. 51 ಅಮೈನೊ ಆಮ್ಲಗಳ ಆ ಪ್ರೋಟೀನಿನ ಮೊದಲ ಚಿತ್ರ ತೆಗೆದ 34 ವರ್ಷಗಳ ನಂತರ, 1969ರಲ್ಲಿ, ಅದರ ರಚನೆ ಬಿಡಿಸಲಾಯಿತು. ಆ ಹೊತ್ತಿಗೆ ಅವರ ಕೈಬೆರಳುಗಳು ಪೂರ್ತಿ ಬಾಗಿದ್ದವು. ತಂಡದಲ್ಲಿ ದೇಶವಿದೇಶದ ಹುಡುಗ ಹುಡುಗಿಯರು. ಅವರಲ್ಲೊಬ್ಬರು ಎಂ. ವಿಜಯನ್: ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಿ ಆಕ್ಸ್‌ಫರ್ಡಿಗೆ ಹೋದವರು. 1971ರಲ್ಲಿ ಬೆಂಗಳೂರಿಗೆ ಮರಳಿ, ಅದೇ ಸಂಸ್ಥೆಯಲ್ಲಿ ಪ್ರೋಟೀನ್ ಹರಳುಗಳ ಅಧ್ಯಯನವನ್ನು ಕಟ್ಟಿ ಬೆಳೆಸಿದರು. ಕಡಲೆಕಾಯಿಯಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನಿನ ರಚನೆ ಬಿಡಿಸಿದ್ದು ಅವರ ಗುಂಪು. ಏಣಿ ಹತ್ತಿ ಇಳಿಯುತ್ತಿದ್ದ ಆ ಕೋಣೆಯ ವಿದ್ಯೆ ಹೀಗೆ ಮಲ್ಲೇಶ್ವರದ ಪಕ್ಕಕ್ಕೂ ಬಂದಿದೆ.

1978ರಲ್ಲಿ ಶಿಲ್ಪಿ ಹೆನ್ರಿ ಮೂರ್ ಡೊರೊಥಿಯ ಕೈಗಳನ್ನಷ್ಟೇ ಚಿತ್ರಿಸಿದರು. ಮುಖವಿಲ್ಲ, ಪದಕವಿಲ್ಲ, ಗಂಟುಗಂಟಾದ ಎರಡು ಕೈಗಳು. 1985ರಲ್ಲಿ ಮ್ಯಾಗಿ ಹ್ಯಾಂಬ್ಲಿಂಗ್ ಎಂಬ ಕಲಾವಿದೆ ಬರೆದ ಚಿತ್ರ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಅದರಲ್ಲಿ ಡೊರೊಥಿ ಮೇಜಿನ ತುಂಬ ಕಾಗದ ಹರಡಿಕೊಂಡು ಕೂತಿದ್ದಾರೆ, ಅವರಿಗೆ ನಾಲ್ಕು ಕೈಗಳು. ನಾಲ್ಕೂ ಕೆಲಸದಲ್ಲಿ ತೊಡಗಿವೆ. ಮೊದಲ ಸಲ ಮೊಬೈಲಿನಲ್ಲಿ ಅದನ್ನು ನೋಡಿದಾಗ ನಮ್ಮ ದೇವರ ಫೋಟೊ ನೆನಪಾಯಿತು. ಅಮ್ಮನಿಗೂ ತೋರಿಸಿದೆ. ಅಮ್ಮ ಬಹಳ ಹೊತ್ತು ನೋಡಿ, ಪಾಪ ಎಷ್ಟು ನೋವಿತ್ತೋ ಎಂದರು.

ನೋವಿನ ಬಗ್ಗೆ ಡೊರೊಥಿ ಹೆಚ್ಚು ಮಾತಾಡಿದವರಲ್ಲ. ಪ್ರಯೋಗಾಲಯದ ಕೆಲಸ ಕಡಿಮೆಯಾದ ಮೇಲೆ ಶಾಂತಿಗಾಗಿ ಓಡಾಡಿದರು. ಅಣ್ವಸ್ತ್ರಗಳ ವಿರುದ್ಧ ವಿಜ್ಞಾನಿಗಳು ಕಟ್ಟಿದ ಪಗ್‌ವಾಶ್ ಸಂಘಟನೆಗೆ 1976ರಿಂದ 1988ರವರೆಗೆ ಅಧ್ಯಕ್ಷರಾಗಿದ್ದರು. ಚೀನಾದ ವಿಜ್ಞಾನಿಗಳು ಹೊರಜಗತ್ತಿನ ನಂಟಿಲ್ಲದೆಯೇ ಇನ್ಸುಲಿನ್ ರಚನೆ ಬಿಡಿಸಿದಾಗ, ಅಲ್ಲಿಗೆ ಹೋಗಿ ನೋಡಿ, ಅವರ ಕೆಲಸ ಎಷ್ಟು ಚೆನ್ನಾಗಿದೆ ಎಂದು ಹೊರಗಿನವರಿಗೆ ತಿಳಿಸಿದ್ದೂ ಇವರೇ. 1993ರಲ್ಲಿ ಸ್ಫಟಿಕ ವಿಜ್ಞಾನಿಗಳ ಜಾಗತಿಕ ಸಮ್ಮೇಳನ ಬೀಜಿಂಗ್‌ನಲ್ಲಿ ನಡೆಯಿತು. ಅವರಿಗೆ ಆಗ 83. ನಡೆಯಲು ಆಗುತ್ತಿರಲಿಲ್ಲ, ವೈದ್ಯರು ಪ್ರಯಾಣ ಬೇಡವೆಂದಿದ್ದರು. ಗಾಲಿಕುರ್ಚಿಯಲ್ಲಿ ಹೋದರು. ಹಳೆಯ ಗೆಳೆಯರು ಅವರು ಬರುತ್ತಾರೆಂದು ನಿರೀಕ್ಷಿಸಿರಲಿಲ್ಲ. ಒಂದು ವರ್ಷ ತುಂಬುವ ಮೊದಲು, 1994ರ ಜುಲೈ 29ರಂದು, ಇಂಗ್ಲೆಂಡಿನ ಇಲ್ಮಿಂಗ್ಟನ್ ಎಂಬ ಹಳ್ಳಿಯ ತಮ್ಮ ಮನೆಯಲ್ಲಿ ತೀರಿಕೊಂಡರು.